ಟೈಪ್ 93: ಜಪಾನಿನ ಆಮ್ಲಜನಕ ಟಾರ್ಪಿಡೊ

ಜಪಾನಿನ ಕುರೆ ನಗರದ ಯಮಾಟೊ ಮ್ಯೂಸಿಯಂನಲ್ಲಿ ಹತ್ತನೇ ಒಂದು ಅಳತೆಯ ಯಮಾಟೊ ಯುದ್ಧನೌಕೆಯ ಮಾದರಿ ಎಲ್ಲರನ್ನೂ ಸೆಳೆಯುತ್ತದೆ. ನನ್ನ ಮಟ್ಟಿಗೆ ಅಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಟೈಪ್ 93 ಟಾರ್ಪಿಡೊ, ಅಂದರೆ ಎರಡನೇ ಮಹಾಯುದ್ಧದಲ್ಲಿ ಜಪಾನ್ ಬಳಸಿದ, ನೀರಿನಡಿ ಸಾಗಿ ಹಡಗಿಗೆ ಬಡಿಯುವ ಆಯುಧ.

ಉದ್ದ 9 ಮೀಟರ್, ವ್ಯಾಸ 61 ಸೆಂ.ಮೀ., ತೂಕ ಸುಮಾರು 2.7 ಟನ್, ಸಿಡಿತಲೆಯಲ್ಲಿ 490 ಕೆ.ಜಿ. ಸ್ಫೋಟಕ. 48 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ 20 ಕಿ.ಮೀ. ದಾಟುತ್ತಿತ್ತು, 36 ನಾಟ್‌ಗೆ ಇಳಿಸಿದರೆ ಸುಮಾರು 40 ಕಿ.ಮೀ. ಅಮೆರಿಕದ ಮಾರ್ಕ್ 15 ಟಾರ್ಪಿಡೊ 45 ನಾಟ್ ವೇಗದಲ್ಲಿ ಓಡುತ್ತಿದ್ದುದು ಐದೂವರೆ ಕಿ.ಮೀ. ಮಾತ್ರ.

ಸಾಮಾನ್ಯ ಟಾರ್ಪಿಡೊ ಹೊತ್ತೊಯ್ಯುವ ಗಾಳಿಯಲ್ಲಿ ಸೀಮೆಎಣ್ಣೆ ಉರಿಸಲು ಒದಗುವ ಆಮ್ಲಜನಕ ಐದರಲ್ಲೊಂದು ಪಾಲು. ಉಳಿದ ಸಾರಜನಕ ಬರೀ ಹೊರೆ. ಸಾಲದ್ದಕ್ಕೆ ಅದು ನೀರಿನಲ್ಲಿ ಕರಗದೆ ಗುಳ್ಳೆಗಳ ಬಿಳಿ ಗೆರೆ ಎಳೆದು ಶತ್ರುವಿಗೆ ದಾರಿ ತೋರಿಸಿಕೊಡುತ್ತದೆ. ಆಮ್ಲಜನಕವನ್ನೇ ತುಂಬಿದರೆ ಹೊರಬರುವುದು ಇಂಗಾಲದ ಡೈ ಆಕ್ಸೈಡ್ ಮತ್ತು ಹಬೆ. ಮೊದಲನೆಯದು ನೀರಿನಲ್ಲಿ ಬೇಗ ಕರಗಿ, ಹಬೆ ತಣಿದು ನೀರೇ ಆಗಿಬಿಡುವುದರಿಂದ ಗೆರೆ ಕಾಣುವುದೇ ಕಷ್ಟ.

ಇಷ್ಟು ಬೇರೆ ನೌಕಾಪಡೆಗಳಿಗೂ ಗೊತ್ತಿತ್ತು. ತೊಡಕಿದ್ದದ್ದು ಎಂಜಿನ್ ಚಾಲೂ ಮಾಡುವಲ್ಲಿ. ಶುದ್ಧ ಆಮ್ಲಜನಕ ಏಕಾಏಕಿ ದಹನಕೋಣೆಗೆ ನುಗ್ಗಿದರೆ ಸ್ಫೋಟವೇ ಗತಿ. ಕಿಶಿಮೊಟೊ ಕಾನೆಜಿ ಮತ್ತು ಅಸಾಕುಮಾ ತೋಶಿಹಿದೆ ಅವರಿದ್ದ ಜಪಾನಿನ ನೌಕಾಪಡೆಯ ತಂಡ ಪುಟ್ಟದೊಂದು ಬೇರೆ ಸಿಲಿಂಡರ್‌ನಲ್ಲಿ ಸಾದಾ ಗಾಳಿ ಇಟ್ಟು, ಅದರಿಂದ ಎಂಜಿನ್ ಹೊತ್ತಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಆಮ್ಲಜನಕ ಬಿಟ್ಟಿತು. ಪೈಪುಗಳಲ್ಲಿ ಚೂಪಾದ ತಿರುವುಗಳನ್ನು ತೆಗೆದುಹಾಕಿದರು, ಏಕೆಂದರೆ ಅಂಥ ಮೂಲೆಗಳಲ್ಲೇ ಎಣ್ಣೆ, ಗ್ರೀಸು ಕೂರುವುದು. ಒತ್ತಡದ ಆಮ್ಲಜನಕಕ್ಕೆ ಜಿಡ್ಡು ತಾಕಿದರೆ ಕಿಡಿಯೂ ಬೇಕಿಲ್ಲ, ತಾನೇ ಹೊತ್ತಿಕೊಳ್ಳಬಹುದು. ನನ್ನ ಪ್ರಕಾರ ಈ ಆಯುಧದ ನಿಜವಾದ ಗುಟ್ಟು ಈ ಶುಚಿಯಲ್ಲಿದೆ. ಪತ್ರವ್ಯವಹಾರದಲ್ಲಿ ಆಮ್ಲಜನಕವನ್ನು ‘ಎರಡನೇ ಗಾಳಿ’ ಎಂದು ಬರೆದು ಮರೆಮಾಚುತ್ತಿದ್ದರು.

ದೂರದ ಅಂಕಿಗಳಿಗೆ ಮಾತ್ರ ಮರುಳಾಗಬಾರದು. 36 ನಾಟ್‌ನಲ್ಲಿ 40 ಕಿ.ಮೀ. ಕ್ರಮಿಸಲು 36 ನಿಮಿಷ ಬೇಕು. ಅಷ್ಟರಲ್ಲಿ ಗುರಿಯ ಹಡಗು ಒಮ್ಮೆ ದಿಕ್ಕು ಬದಲಿಸಿದರೂ ಮುಗಿಯಿತು. 1942ರ ಫೆಬ್ರವರಿ 27ರ ಜಾವಾ ಸಮುದ್ರದ ಕದನದಲ್ಲಿ ಡಚ್ ಕ್ರೂಸರ್‌ಗಳಾದ ಡಿ ರೂಯ್ಟರ್ ಮತ್ತು ಜಾವಾ ಇದರ ಹೊಡೆತಕ್ಕೇ ಮುಳುಗಿದವು, ನಿಜ. ಆದರೆ ಅದೇ ಕದನದಲ್ಲಿ ಹಲವು ಟಾರ್ಪಿಡೊಗಳು ಗುರಿ ಮುಟ್ಟುವ ಮೊದಲೇ ನಡುದಾರಿಯಲ್ಲಿ ಸಿಡಿದವು. ಮರುರಾತ್ರಿ ಸುಂಡಾ ಜಲಸಂಧಿಯಲ್ಲಿ ಮೊಗಾಮಿ ಕ್ರೂಸರ್ ಬಿಟ್ಟ ಟಾರ್ಪಿಡೊಗಳು ಅಮೆರಿಕದ ಹ್ಯೂಸ್ಟನ್ ಕ್ರೂಸರ್‌ಗೆ ತಗುಲದೆ, ಹಿಂದಿದ್ದ ಜಪಾನಿನದೇ ಸೈನ್ಯಸಾಗಣೆ ಹಡಗುಗಳಿಗೆ ಬಡಿದವು. ಅವುಗಳಲ್ಲೊಂದರಲ್ಲಿದ್ದ ಸೇನಾಧಿಪತಿ ಇಮಾಮುರಾ ಸಮುದ್ರಕ್ಕೆ ಬಿದ್ದು ಈಜಬೇಕಾಯಿತು.

ಇನ್ನೂ ದೊಡ್ಡ ಅಪಾಯ ಟಾರ್ಪಿಡೊ ಹೊತ್ತ ಹಡಗಿನ ಡೆಕ್ಕಿನ ಮೇಲೇ ಇತ್ತು. 1942ರ ಜೂನ್ 6ರಂದು, ಮಿಡ್‌ವೇ ಕದನದ ಕೊನೆಯಲ್ಲಿ, ಒಂದೇ ವರ್ಗದ ಕ್ರೂಸರ್‌ಗಳಾದ ಮೊಗಾಮಿ ಮತ್ತು ಮಿಕುಮಾ ಎರಡರ ಮೇಲೂ ಅಮೆರಿಕದ ಬಾಂಬರ್‌ಗಳು ಎರಗಿದವು. ಮೊಗಾಮಿಯ ಹಾನಿ ನಿಯಂತ್ರಣ ಅಧಿಕಾರಿ ಸರುವಟಾರಿ ಮುಂಚಿತವಾಗಿಯೇ ಟಾರ್ಪಿಡೊಗಳನ್ನು ಸಮುದ್ರಕ್ಕೆ ತಳ್ಳಿಸಿದ್ದರು. ಮಿಕುಮಾದಲ್ಲಿ ಬೆಂಕಿ ಟಾರ್ಪಿಡೊಗಳಿಗೆ ತಗುಲಿ ಹಡಗಿನ ನಡುಭಾಗವೇ ಛಿದ್ರವಾಯಿತು. ಅದು ಮುಳುಗಿತು, ಮೊಗಾಮಿ ಬದುಕಿತು.

1944ರಲ್ಲಿ ಇದೇ ಎಂಜಿನ್ ಮತ್ತು ಆಮ್ಲಜನಕದ ತೊಟ್ಟಿಗೆ ಒಬ್ಬ ಮನುಷ್ಯ ಕೂರುವ ಕೋಣೆ ಜೋಡಿಸಿ ಕೈಟೆನ್ ಎಂಬ ಆತ್ಮಾಹುತಿ ಟಾರ್ಪಿಡೊ ಮಾಡಿದರು. ಸಿಡಿತಲೆ ಸುಮಾರು 1.5 ಟನ್ನಿಗೆ ಏರಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಕುರೊಕಿ ಹಿರೋಶಿ ಅದೇ ಸೆಪ್ಟೆಂಬರ್‌ನಲ್ಲಿ ತರಬೇತಿಯ ವೇಳೆಯೇ ತೀರಿಕೊಂಡರು. ಇನ್ನೊಬ್ಬರಾದ ನಿಶಿನಾ ಸೆಕಿಯೊ ನವೆಂಬರ್ 20ರಂದು ಪೆಸಿಫಿಕ್‌ನ ಉಲಿಥಿಯಲ್ಲಿದ್ದ ಅಮೆರಿಕದ ನೌಕಾನೆಲೆಯ ಮೇಲಿನ ದಾಳಿಯಲ್ಲಿ ಸತ್ತರು. ಆ ದಾಳಿಯಲ್ಲಿ ಮುಳುಗಿದ್ದು ಮಿಸಿಸಿನೆವಾ ಎಂಬ ಅಮೆರಿಕದ ಒಂದು ತೈಲ ಹಡಗು.