ಮನೆಮಂದಿಗೆಲ್ಲ ಒಂದೇ ವ್ಯಾನ್: ಕೆಲಸ ಎಲ್ಲಿಗೆ ಬಂತು

ವ್ಯಾನ್ ಒಳಗಿನ ಕೆಲಸ ಮುಕ್ಕಾಲು ಪಾಲು ಮುಗಿದಿದೆ. ಮೆಟ್ಟಿಲು, ಮಂಚ, ವೈರಿಂಗ್, ನೀರಿನ ಟ್ಯಾಂಕ್ ಎಲ್ಲ ಕೂತಿವೆ. ಮೇಲಿನ ಫ್ಯಾನ್, ಸೊಳ್ಳೆಪರದೆ, ಕೆಲವು ಕಪಾಟಿನ ಬಾಗಿಲು ಬಾಕಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸರಕು ಸಾಗಿಸುವ ವ್ಯಾನನ್ನು ಕ್ಯಾಂಪಿಂಗ್ ಗಾಡಿಯಾಗಿ ಮಾರ್ಪಡಿಸುತ್ತಿದ್ದೇವೆ. ಹೋಗುವವರು ಐದು ಜನ. ಅಪ್ಪನಿಗೆ 76, ಅಮ್ಮನಿಗೆ 71, ಮಗಳಿಗೆ 7, ನಡುವೆ ನಾವಿಬ್ಬರು. ಇಂಥ ಗಾಡಿ ಕಟ್ಟುವವರು ಸಾಮಾನ್ಯವಾಗಿ ತಮ್ಮ ಮೈಕಟ್ಟಿಗೆ ಸರಿಯಾಗಿ ಕಟ್ಟಿಕೊಳ್ಳುತ್ತಾರೆ. ನಾವು ಅಪ್ಪ ಅಮ್ಮನ ಮೊಣಕಾಲಿನಿಂದ ಅಳತೆ ಶುರು ಮಾಡಿದೆವು. ಅಲ್ಲಿ ಸರಿಹೋದರೆ ಉಳಿದವರಿಗೆಲ್ಲ ಸರಿಹೋಗುತ್ತದೆ ಅನ್ನುವುದು ನನ್ನ ಲೆಕ್ಕ. ಇಲ್ಲಿಯವರೆಗೆ ಆ ಲೆಕ್ಕ ತಪ್ಪಿಲ್ಲ.

ಅತಿ ಹೆಚ್ಚು ಸಮಯ ತಿಂದದ್ದು ಮೆಟ್ಟಿಲು. ಸೋಲಾರ್ ಅಲ್ಲ, ಬ್ಯಾಟರಿ ಅಲ್ಲ, ಮೆಟ್ಟಿಲು! ವ್ಯಾನಿನ ನೆಲ ರಸ್ತೆಯಿಂದ 60 ಸೆಂ.ಮೀ. ಮೇಲಿದೆ. ನಡುವೆ ಒಂದೇ ಮೆಟ್ಟಿಲು ಇಟ್ಟರೆ ಪ್ರತಿ ಹೆಜ್ಜೆಗೂ 30 ಸೆಂ.ಮೀ. ಏರಬೇಕು. ಎರಡು ಇಟ್ಟರೆ 20. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಮೊಣಕಾಲಿಗೆ ತುಂಬಾ ದೊಡ್ಡದು. ಮೊದಲ ಸಲ ಹತ್ತಿ ನೋಡಿದ ಅಮ್ಮ, "ಹತ್ತೋದು ಏನೂ ಕಷ್ಟ ಇಲ್ಲ ಕಣೋ, ಇಳಿಯೋದೇ ಭಯ" ಅಂದರು. ನಿಜ. ಇಳಿಯುವಾಗ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ, ಮುಂದಿನ ಮೆಟ್ಟಿಲೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಬಾಗಿಲಿನ ಎರಡೂ ಕಡೆ ಉದ್ದದ ಹಿಡಿಕೆ ಬಂತು. ಅವನ್ನು ಒಳಗಿನ ಪ್ಲೈವುಡ್‌ಗೆ ಹಾಕಿಲ್ಲ, ಬಾಡಿಯ ಕಬ್ಬಿಣದ ಚೌಕಟ್ಟಿಗೇ ಬೋಲ್ಟ್ ಮಾಡಿದ್ದೇವೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ, ಅದರ ಕೆಳಗೆ ಪುಟ್ಟ ಎಲ್‌ಇಡಿ. ಮೆಟ್ಟಿಲು ಮಡಚದೆ ಗಾಡಿ ಹೊರಟರೆ ಅಪಾಯ, ಅದಕ್ಕೆ ಬಜರ್ ಕೂಡ ಇದೆ. ಮೆಟ್ಟಿಲು ಹೊರಗಿರುವಾಗ ಕೀ ತಿರುಗಿಸಿದರೆ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಮಗಳಿಗೆ ಅದೇ ದೊಡ್ಡ ಆಟ.

ಮಂಚದ ಎತ್ತರ 48 ಸೆಂ.ಮೀ. ಕುರ್ಚಿಯಷ್ಟೇ. ಅಂಚಿನಲ್ಲಿ ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತವೆ, ಕೈ ಊರಿ ಎದ್ದರಾಯಿತು. ತುಂಬಾ ಜನ ಮಂಚವನ್ನು ಸೊಂಟದೆತ್ತರ ಕಟ್ಟಿ, ಅಡಿಯಲ್ಲಿ ಸೈಕಲ್, ಸಾಮಾನು ತುಂಬುತ್ತಾರೆ. ಜಾಗ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ನಡುರಾತ್ರಿ ಬಾತ್‌ರೂಮಿಗೆ ಏಳಬೇಕಾದ ಹಿರಿಯರಿಗೆ ಅದು ಮಂಚವಲ್ಲ, ಅಟ್ಟ. ಮಗಳಿಗೆ ಮಾತ್ರ ಮೇಲೊಂದು ಮಂಚ, ಪಕ್ಕಕ್ಕೆ ಗಟ್ಟಿ ಕಂಬಿ. ಮೇಲಿನ ಮಂಚದಲ್ಲಿ 6 ವರ್ಷದೊಳಗಿನವರನ್ನು ಮಲಗಿಸಬಾರದು ಅನ್ನುತ್ತಾರೆ. ಇವಳು ಆ ಗಡಿ ದಾಟಿದ್ದಾಳೆ. ನಾವಿಬ್ಬರು ಹೊರಗೆ ಟೆಂಟ್‌ನಲ್ಲಿ. ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರುವಂತಿಲ್ಲ. ಐದು ಸೀಟು, ಐದು ಬೆಲ್ಟ್, ಮಗಳಿಗೆ ಬೆಲ್ಟ್ ಸರಿಯಾಗಿ ಕೂರುವಂತೆ ಎತ್ತರಿಸುವ ಬೂಸ್ಟರ್ ಸೀಟು. ಇದರಲ್ಲಿ ಚರ್ಚೆಯೇ ಇಲ್ಲ.

ಕರೆಂಟಿನ ಲೆಕ್ಕ ಹಾಕಿದ್ದು ಅಪ್ಪನ ಸಿಪಾಪ್ ಮೆಷಿನ್‌ನಿಂದ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು ರಾತ್ರಿ ಹಾಕಿಕೊಳ್ಳುವ ಮೆಷಿನ್ ಅದು. ನೀರು ಕಾಯಿಸುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಅಪ್ಪನದು ಸುಮಾರು 40 ವ್ಯಾಟ್ ಎಳೆಯುತ್ತದೆ. ಎಂಟು ಗಂಟೆಗೆ 320 ವ್ಯಾಟ್-ಅವರ್. ಹ್ಯುಮಿಡಿಫೈಯರ್ ಹಾಕಿದರೆ ಲೆಕ್ಕವೇ ಬೇರೆ. ಫ್ರಿಜ್ ದಿನಕ್ಕೆ ಸುಮಾರು 450. ದೀಪ, ಪಂಪು, ಫೋನ್ ಸೇರಿ ಇನ್ನೊಂದು 100. ನಮ್ಮಲ್ಲಿರುವುದು 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅಂದರೆ 1280 ವ್ಯಾಟ್-ಅವರ್. ಬಿಸಿಲು ಇಲ್ಲದಿದ್ದರೂ ಒಂದು ದಿನ ಧಾರಾಳವಾಗಿ ದಾಟುತ್ತದೆ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಾದರೆ ಬಾಳಿಕೆ ಬರಲು ಅರ್ಧದಷ್ಟೇ ಬಳಸಬೇಕು. ಆದರೆ ಲಿಥಿಯಂಗೂ ಒಂದು ಚಾಳಿ ಇದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಅದಕ್ಕೇ ಬ್ಯಾಟರಿಯನ್ನು ಗಾಡಿಯ ಒಳಗೇ ಇಟ್ಟಿದ್ದೇವೆ.

ಸಿಪಾಪ್‌ಗೆ ಇನ್ವರ್ಟರ್ ಬಳಸುತ್ತಿಲ್ಲ. 12 ವೋಲ್ಟನ್ನು 230ಕ್ಕೆ ಏರಿಸಿ, ಮೆಷಿನ್‌ನ ಅಡಾಪ್ಟರ್ ಮತ್ತೆ ಇಳಿಸುವುದು ಸುಮ್ನೆ ಪೋಲು. ಆ ಮಾಡೆಲ್‌ಗೆಂದೇ ಬರುವ 12 ವೋಲ್ಟ್ ಅಡಾಪ್ಟರ್ ಹಾಕಿ, ನೇರವಾಗಿ ಬೇರೆ ಫ್ಯೂಸಿನಿಂದ ಲೈನ್ ಎಳೆದಿದ್ದೇವೆ. ಬೇರೆ ಏನೇ ಆಫ್ ಆದರೂ ಅದು ನಡೆಯುತ್ತಿರುತ್ತದೆ. "ಇದು ಓಡಿದ್ರೆ ಸಾಕು, ನಾನು ಎಲ್ಲಿಗೆ ಬೇಕಾದ್ರೂ ಬರ್ತೀನಿ" ಅಂದಿದ್ದಾರೆ ಅಪ್ಪ.

ಸೋಲಾರ್ ವಿಷಯದಲ್ಲಿ ಮಾತ್ರ ಒಂದು ಜಗ್ಗಾಟ. ಹಿರಿಯರಿಗೆ ನೆರಳು ಬೇಕು, ಪ್ಯಾನೆಲ್‌ಗೆ ಬಿಸಿಲು ಬೇಕು. ಮರದಡಿ ನಿಲ್ಲಿಸಿದರೆ ಮೇಲಿನ 200 ವ್ಯಾಟ್ ಪ್ಯಾನೆಲ್ ಹೆಸರಿಗೆ ಮಾತ್ರ. ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪತ್ತಿ ತೀರಾ ಇಳಿಯುತ್ತದೆ. ಅದಕ್ಕೆ ಮಡಚುವ 100 ವ್ಯಾಟ್ ಪ್ಯಾನೆಲ್ ಒಂದನ್ನು ಉದ್ದನೆಯ ಕೇಬಲ್ ಜೊತೆ ಇಟ್ಟುಕೊಂಡಿದ್ದೇವೆ. ಗಾಡಿ ನೆರಳಿನಲ್ಲಿ, ಅದು ಬಿಸಿಲಿನಲ್ಲಿ. ಜೊತೆಗೆ ಓಡುವಾಗ, ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ತುಂಬುವ 30 ಆಂಪಿಯರ್ ಚಾರ್ಜರ್ ಇದೆ. ಎರಡು ಗಂಟೆ ಓಡಿಸಿದರೆ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿ ವಾಪಸ್.

ಟಾಯ್ಲೆಟ್ ಬಗ್ಗೆ ಬರೆಯಲು ಎಲ್ಲರಿಗೂ ಮುಜುಗರ. ಆದರೆ ವಯಸ್ಸಾದವರು "ನಾವು ಬರೋದಿಲ್ಲ, ನೀವು ಹೋಗಿ ಬನ್ನಿ" ಅನ್ನಲು ಅರ್ಧ ಕಾರಣ ಅದೇ. ಪೋರ್ಟಬಲ್ ಟಾಯ್ಲೆಟ್‌ಗಳು ತೀರಾ ತಗ್ಗು. ನಮ್ಮದನ್ನು 10 ಸೆಂ.ಮೀ. ಎತ್ತರದ ಪೆಟ್ಟಿಗೆಯ ಮೇಲೆ ಕೂರಿಸಿ, ಅಲುಗಾಡದಂತೆ ಬಿಗಿದು, ಗೋಡೆಗೆ ಹಿಡಿಕೆ ಹಾಕಿದ್ದೇವೆ. ಮಗಳಿಗೆ ಕಾಲಡಿಗೆ ಒಂದು ಸ್ಟೂಲ್. ಮಂಚದಿಂದ ಅಲ್ಲಿಯವರೆಗೆ ನೆಲದ ಪಕ್ಕ ಸೆನ್ಸರ್ ದೀಪ. ಕಾಲಿಟ್ಟರೆ ಹತ್ತುತ್ತದೆ, ಮಲಗಿದವರ ಕಣ್ಣಿಗೆ ಹೊಡೆಯುವುದಿಲ್ಲ.

ಗ್ಯಾಸ್ ಸಿಲಿಂಡರ್‌ನ ಪೆಟ್ಟಿಗೆ ಒಳಗಿನಿಂದ ಪೂರ್ತಿ ಮುಚ್ಚಿದೆ, ತಳದಲ್ಲಿ ಹೊರಕ್ಕೆ ತೂತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಸೇರುತ್ತದೆ. ಹಾಗಾಗಿ ಗ್ಯಾಸ್ ಅಲಾರಂ ನೆಲದ ಹತ್ತಿರ, ಕಾರ್ಬನ್ ಮೊನಾಕ್ಸೈಡ್ (ಒಲೆ ಉರಿಯುವಾಗ ಹುಟ್ಟಬಹುದಾದ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಮಲಗುವವರ ತಲೆಯ ಮಟ್ಟದಲ್ಲಿ. ಚಳಿ ಎಂದು ಒಲೆ ಹಚ್ಚಿ ಒಳಗೆ ಬೆಚ್ಚಗಿರುವ ಯೋಚನೆ ಯಾರೂ ಮಾಡಬೇಡಿ.

ಕೊನೆಗೆ ತೂಕ. ಎಲ್ಲರನ್ನೂ ಕೂರಿಸಿ, 60 ಲೀಟರ್ ಟ್ಯಾಂಕ್ ತುಂಬಿಸಿ ವೇಬ್ರಿಡ್ಜ್‌ಗೆ ಹೋದೆವು. ಮಿತಿ 3,500 ಕೆ.ಜಿ., ಬಂದದ್ದು 3,190. ಮುಂದಿನ ಮತ್ತು ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಬೇರೆ ಬೇರೆ ತೂಗಿಸಿ. ಒಟ್ಟು ಸರಿಯಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು. ನೀರು ಲೀಟರಿಗೆ ಒಂದು ಕೆ.ಜಿ. ಅದಕ್ಕೇ ಟ್ಯಾಂಕನ್ನು ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ತಗ್ಗಿನಲ್ಲಿ ಇಟ್ಟದ್ದು. ತೂಕದ ತಲೆನೋವು ಹೊಸದೇನಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆ ವೈದ್ಯರು ಬ್ರಿಟನ್ ಸುತ್ತಲು ಮಹಾಗನಿ ಮರದ 'ವಾಂಡರರ್' ಗಾಡಿ ಮಾಡಿಸಿಕೊಂಡರು. ಮೋಜಿಗಾಗಿಯೇ ಕಟ್ಟಿದ ಮೊದಲ ಕ್ಯಾರವಾನ್ ಅದೇ ಅನ್ನುತ್ತಾರೆ. ಎಳೆಯಲು ಎರಡು ಕುದುರೆ ಬೇಕಾಗಿತ್ತು.

ಟೈರ್‌ಗಳನ್ನು ಬದಲಾಯಿಸಿದ್ದೇವೆ. ಇಂಥ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಸವೆಯುವ ಮೊದಲೇ ರಬ್ಬರ್ ಮುಪ್ಪಾಗುತ್ತದೆ. ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 3116 ಅಂದರೆ 2016ರ 31ನೇ ವಾರ ತಯಾರಾದದ್ದು.

ಮುಂದಿನ ವಾರಾಂತ್ಯ ಮೇಲಿನ ಫ್ಯಾನ್ ಕೂರಿಸುವುದು. ಮೂವರು ಕಿಟಕಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಗಾಜಿನ ಮೇಲೆಲ್ಲ ನೀರು. ಆಮೇಲೆ ಹೊರಗೆ ಕೂರಲು ಕುರ್ಚಿ ಹುಡುಕಬೇಕು. ಕ್ಯಾಂಪಿಂಗ್ ಕುರ್ಚಿಗಳು ನೆಲಕ್ಕೆ ಅಂಟಿದ ಹಾಗಿರುತ್ತವೆ, ಕೂತವರನ್ನು ಎತ್ತಲು ಇಬ್ಬರು ಬೇಕು. ಸೀಟು 45 ಸೆಂ.ಮೀ. ಎತ್ತರ, ಎರಡು ಗಟ್ಟಿ ಕೈ, ಮಡಚಿದರೆ ಮಂಚದಡಿ ಹೋಗುವಂಥದ್ದು ಯಾರಾದರೂ ಬಳಸಿದ್ದರೆ ತಿಳಿಸಿ.