‘ನೋಡೋಣ’ ಎನ್ನುವ ಮಾತು: ವೇರೋಯ್ ದ್ವೀಪದ ಬೆಟ್ಟದಲ್ಲಿ ಕಲಿತದ್ದು

ಹದಿನಾಲ್ಕು ವರ್ಷಗಳಿಂದ ಜನರನ್ನು ಬೆಟ್ಟ ಹತ್ತಿಸುವುದೇ ನನ್ನ ಕೆಲಸ. ಮೊದಲು ಕುಮಾರಪರ್ವತ, ಕುದುರೆಮುಖ, ಸ್ಕಂದಗಿರಿಗಳಲ್ಲಿ ವಾರಾಂತ್ಯದ ಗುಂಪುಗಳಿಗೆ ಟ್ರೆಕ್ ಲೀಡರ್ ಆಗಿದ್ದೆ. ಆಮೇಲೆ ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಯನ್ನು ಸೇರಿ, ಹೊರದೇಶಗಳಲ್ಲಿ ಚಾರಣ ಮಾಡಬಯಸುವವರ ಜೊತೆ ಹೋಗತೊಡಗಿದೆ. ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಬಳಸಿರುವ ಪದ ‘ನೋಡೋಣ’ ಎಂಬುದೇ ಇರಬೇಕು. ಮಳೆ ಬರುತ್ತದೆಯೇ ಸಾರ್ ಎಂದರೆ ನೋಡೋಣ, ತುದಿಯವರೆಗೆ ಹೋಗಲು ಆಗುತ್ತದೆಯೇ ಎಂದರೆ ಇನ್ನು ಸ್ವಲ್ಪ ದೂರ ಹೋಗಿ ನೋಡೋಣ. ಗುಂಪಿನ ಉತ್ಸಾಹವನ್ನು ಕೆಡಿಸದೆ, ಸುಳ್ಳನ್ನೂ ಹೇಳದೆ, ತೀರ್ಮಾನವನ್ನು ಮುಂದಿನ ತಿರುವಿಗೆ ತಳ್ಳಲು ಇದಕ್ಕಿಂತ ಅನುಕೂಲದ ಪದ ಇನ್ನೊಂದಿಲ್ಲ. 2019ರ ಜುಲೈ ಮೊದಲ ವಾರದಲ್ಲಿ, ನಾರ್ವೆಯ ವೇರೋಯ್ ಎಂಬ ಸಣ್ಣ ದ್ವೀಪದಲ್ಲಿ, ಈ ಪದ ನನ್ನನ್ನೂ ಹನ್ನೊಂದು ಜನರನ್ನೂ ಹೋಗಬಾರದ ಜಾಗಕ್ಕೆ ಕರೆದುಕೊಂಡು ಹೋಯಿತು.

ನಾರ್ವೆಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಲೋಫೋಟೆನ್ ದ್ವೀಪಸಾಲಿನ ತುದಿಯವರೆಗೆ ಬಂದು, ಕೆಂಪು ಮರದ ಮನೆಗಳ ಮುಂದೆ ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ವೇರೋಯ್ ಇರುವುದು ಆ ತುದಿಗಿಂತಲೂ ಆಚೆ, ತೆರೆದ ಕಡಲಿನ ನಡುವೆ. ಮೊಸ್ಕೆನೆಸ್ ಬಂದರಿನಿಂದ ಫೆರ್ರಿಯಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ದಾರಿಯಲ್ಲಿ ಮೊಸ್ಕ್‌ಸ್ಟ್ರೌಮೆನ್ ಎಂಬ, ಉಬ್ಬರವಿಳಿತದಿಂದ ಸುಳಿಗಳೇಳುವ, ಶತಮಾನಗಳಿಂದ ನಾವಿಕರು ಹೆದರುತ್ತಿದ್ದ ನೀರನ್ನು ದಾಟಬೇಕು. ದ್ವೀಪದಲ್ಲಿ ವಾಸಿಸುವವರು ಸುಮಾರು ಏಳುನೂರು ಜನ, ಬಹುಪಾಲು ಮೀನುಗಾರಿಕೆಯನ್ನು ನಂಬಿದವರು. ಚಳಿಗಾಲದ ಕೊನೆಯಲ್ಲಿ ಕಾಡ್ ಮೀನನ್ನು ಜೋಡಿಯಾಗಿ ಕಟ್ಟಿ ಮರದ ದೊಡ್ಡ ಚಪ್ಪರಗಳ ಮೇಲೆ ನೇತುಹಾಕುತ್ತಾರೆ. ಉಪ್ಪನ್ನೇ ಸೋಕಿಸದೆ, ಬರೀ ಗಾಳಿ ಮತ್ತು ಚಳಿಯಲ್ಲಿ ಅದು ಕಟ್ಟಿಗೆಯಂತೆ ಒಣಗುತ್ತದೆ. ನಾವು ಹೋದಾಗ ಚಪ್ಪರಗಳು ಖಾಲಿಯಾಗಿದ್ದವು, ಆದರೆ ವಾಸನೆ ಉಳಿದಿತ್ತು. ಗುಂಪಿನಲ್ಲಿದ್ದ ಮಲ್ಪೆಯವರೊಬ್ಬರು ಮೂಗರಳಿಸಿ, ಇದು ನಮ್ಮ ಒಣಮೀನಿನ ದೂರದ ನೆಂಟ ಎಂದರು. ಮೀನು ಒಣಗಿಸಲು ಈ ಊರು ಇಷ್ಟು ಹೇಳಿಮಾಡಿಸಿದಂತಿರುವುದು ಯಾವುದರಿಂದ ಎಂದು ನಾನು ಆಗಲೇ ಯೋಚಿಸಿದ್ದರೆ, ಮಾರನೆಯ ದಿನದ ಕಥೆ ಬೇರೆಯಾಗುತ್ತಿತ್ತು.

ನಾವು ಹತ್ತಬೇಕಾಗಿದ್ದದ್ದು ಹೋಯೆನ್ ಎಂಬ ಬೆಟ್ಟ, ಎತ್ತರ 438 ಮೀಟರ್. ಬೆಂಗಳೂರಿನಲ್ಲಿ ನಡೆದ ಪೂರ್ವಭಾವಿ ಸಭೆಯಲ್ಲಿ ಈ ಅಂಕಿಯನ್ನು ಹೇಳಿದಾಗ ಎಲ್ಲರೂ ನಕ್ಕಿದ್ದರು. 1478 ಮೀಟರಿನ ನಂದಿಬೆಟ್ಟದ ಮೂರನೆಯ ಒಂದು ಪಾಲೂ ಇಲ್ಲವಲ್ಲ ಎಂದು ಒಬ್ಬರು ಹೇಳಿದರು, ನಾನೂ ಅವರ ಜೊತೆ ನಕ್ಕೆ. ನಂದಿಬೆಟ್ಟದ ಬುಡವೇ ಒಂಬೈನೂರು ಮೀಟರಿಗೂ ಮೇಲಿದೆ, ವೇರೋಯ್‌ನಲ್ಲಿ ಮಾತ್ರ ಅಲೆ ಬಡಿಯುವ ಮಟ್ಟದಿಂದಲೇ ಏರು ಶುರುವಾಗುತ್ತದೆ ಎಂದು ವಿವರಿಸಬೇಕಾಗಿದ್ದವನು ನಾನೇ. ಆದರೆ ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು: ಬೆಟ್ಟದ ಕಷ್ಟವನ್ನು ನಾನು ಎತ್ತರದಿಂದ ಅಳೆಯುತ್ತಿದ್ದೆ. ನಮ್ಮ ಘಟ್ಟಗಳಲ್ಲಿ ನಾನು ಹೆದರುತ್ತಿದ್ದದ್ದು ಏಕಾಏಕಿ ಏರುವ ಹಳ್ಳಗಳಿಗೆ, ಜಾರುವ ಬಂಡೆಗಳಿಗೆ, ಜಿಗಣೆಗಳಿಂದ ತಾಳ್ಮೆ ಕಳೆದುಕೊಳ್ಳುವ ಜನರಿಗೆ. ಗಾಳಿ ಅಲ್ಲಿಯೂ ಇದೆ. ಕುದುರೆಮುಖದ ಹುಲ್ಲುಗಾವಲಿನಲ್ಲಿ ಜೂನ್ ತಿಂಗಳ ಗಾಳಿಯನ್ನು ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಅಲ್ಲಿ ಹತ್ತು ನಿಮಿಷ ಕೆಳಗಿಳಿದರೆ ಒಂದು ಶೋಲಾ ಕಾಡಿನ ಮಡಿಲು ಸಿಗುತ್ತದೆ. ವೇರೋಯ್‌ನ ಬೆಟ್ಟದ ಮೇಲೆ ಮರೆಗೆ ನಿಲ್ಲಲು ಒಂದು ಮರವಿಲ್ಲ, ಇರುವುದೆಲ್ಲ ಹುಲ್ಲು, ಕಲ್ಲು, ಆಚೆ ನೇರ ಪ್ರಪಾತ.

ಬೆಳಿಗ್ಗೆ ಹವಾಮಾನದ ಮುನ್ಸೂಚನೆ ನೋಡಿದೆ. ನಾರ್ವೆಯಲ್ಲಿ ಎಲ್ಲರೂ ನೋಡುವುದು ಅಲ್ಲಿನ ಹವಾಮಾನ ಸಂಸ್ಥೆ ಮತ್ತು ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ನಡೆಸುವ ‘ಇರ್’ ಎಂಬ ಸೇವೆಯನ್ನು. ಗಾಳಿ 9, ಆವರಣದಲ್ಲಿ 17 ಎಂದಿತ್ತು. ಒಂಬತ್ತು ಎಂಬ ಅಂಕಿಯನ್ನು ಕಂಡು ನನ್ನ ಮನಸ್ಸು ಹಗುರವಾಯಿತು. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಲೆಕ್ಕದಲ್ಲಿ ಬೆಳೆದ ತಲೆಗೆ, ಅಲ್ಲಿ ಗಾಳಿಯನ್ನು ಸೆಕೆಂಡಿಗೆ ಮೀಟರಿನಲ್ಲಿ ಹೇಳುತ್ತಾರೆಂಬುದು ಗೊತ್ತಿದ್ದರೂ, ಆ ಕ್ಷಣಕ್ಕೆ ಒದಗಲಿಲ್ಲ. ಸೆಕೆಂಡಿಗೆ 9 ಮೀಟರ್ ಎಂದರೆ ಗಂಟೆಗೆ 32 ಕಿಲೋಮೀಟರ್. ಆವರಣದೊಳಗಿನ 17 ಎಂದರೆ ನಡುನಡುವೆ ಬೀಸುವ ರಭಸದ ಗಾಳಿ, ಅದು ಗಂಟೆಗೆ 61 ಕಿಲೋಮೀಟರ್. ಅಷ್ಟೇ ಅಲ್ಲ, ಆ ಅಂಕಿಗಳಿದ್ದದ್ದು ಕೆಳಗಿನ ಊರಿಗೆ. ತೆರೆದ ಕಡಲಿನ ಮೇಲೆ ತಡೆಯಿಲ್ಲದೆ ಓಡಿ ಬರುವ ಗಾಳಿಗೆ ನಾನೂರು ಮೀಟರಿನ ಗೋಡೆ ಅಡ್ಡ ನಿಂತಾಗ ಅದು ಮೇಲಕ್ಕೆ ತಿರುಗಿ, ಬೆಟ್ಟದ ನೆತ್ತಿಯ ಮೇಲೆ ಇಕ್ಕಟ್ಟಾಗಿ ನುಗ್ಗುತ್ತದೆ. ಆದ್ದರಿಂದ ಕೆಳಗಿನ ಅಂಗಳದಲ್ಲಿ ಬಟ್ಟೆ ಒಣಗಿಸಲು ಹಿತವಾಗಿರುವ ಗಾಳಿ, ಮೇಲಿನ ರಿಡ್ಜ್ ಮೇಲೆ, ಅಂದರೆ ಬೆಟ್ಟದ ಏಣಿನ ಮೇಲೆ, ಮನುಷ್ಯನನ್ನು ದೂಡುವ ಗಾಳಿಯಾಗಬಹುದು. ಅತಿಥಿಗೃಹದ ಯಜಮಾನತಿ ತಿಂಡಿ ಬಡಿಸುತ್ತಾ ‘ಕೂಲಿಂಗ್’ ಎಂಬ ಪದವನ್ನು ಎರಡು ಸಲ ಹೇಳಿದರು. ತಂಪು ಗಾಳಿ ಎನ್ನುತ್ತಿದ್ದಾರೆಂದು ನಮ್ಮವರು ತಲೆಯಾಡಿಸಿದರು. ನಾರ್ವೆಯ ಭಾಷೆಯಲ್ಲಿ ಅದು ಬಿರುಗಾಳಿಗಿಂತ ಕೆಳಗಿನ ಹಂತದ ಜೋರು ಗಾಳಿಯ ಹೆಸರು. ಮೀನುಗಾರರಿಗೆ ಎಚ್ಚರಿಕೆ ಕೊಡುವಾಗ ಬಳಸುವ ಪದ.

ಇದೇ ದ್ವೀಪದಲ್ಲಿ ಗಾಳಿಯ ಬಗ್ಗೆ ಇದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದಿಟ್ಟ ಪಾಠವೊಂದು ನಮ್ಮ ಕಣ್ಣೆದುರಿಗೇ ಇತ್ತು. ಉತ್ತರ ದಡದಲ್ಲಿ, ಬೆಟ್ಟದ ಬುಡದಲ್ಲಿ, ಬಳಕೆಯಲ್ಲಿಲ್ಲದ ವಿಮಾನ ಓಡುದಾರಿಯೊಂದಿದೆ. 1986ರಲ್ಲಿ ತೆರೆದ ಆ ನಿಲ್ದಾಣದಿಂದ 1990ರ ಏಪ್ರಿಲ್ 12ರಂದು ಹೊರಟ ಸಣ್ಣ ವಿಮಾನವೊಂದು ಏರಿದ ಕೆಲವೇ ಕ್ಷಣಗಳಲ್ಲಿ, ಬೆಟ್ಟದಿಂದ ಸುತ್ತಿ ಬೀಳುವ ಗಾಳಿಯ ಹೊಡೆತಕ್ಕೆ ಬಾಲದ ಭಾಗ ಮುರಿದು ಕಡಲಿಗೆ ಬಿತ್ತು. ಒಳಗಿದ್ದ ಐವರೂ ತೀರಿಕೊಂಡರು. ಅದಾದ ಮೇಲೆ ನಿಲ್ದಾಣವನ್ನು ಮುಚ್ಚಿದರು, ಈಗ ಬೋಡೋ ಪಟ್ಟಣದಿಂದ ಹೆಲಿಕಾಪ್ಟರ್ ಬರುತ್ತದೆ. ಈ ಸಂಗತಿಯನ್ನು ನಾನು ಗುಂಪಿಗೆ ವಿವರವಾಗಿ ಹೇಳಿದ್ದೆ. ಮಾರ್ಗದರ್ಶಿಗಳಿಗೆ ಇರುವ ಒಂದು ರೋಗವಿದು: ಜಾಗದ ಇತಿಹಾಸವನ್ನು ರಸವತ್ತಾಗಿ ಹೇಳುತ್ತೇವೆ, ಆದರೆ ಅದು ನಮ್ಮ ಈ ದಿನಕ್ಕೆ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದಿಲ್ಲ.

ಹತ್ತು ಗಂಟೆಗೆ ಹೊರಟೆವು. ಅರ್ಧ ದಾರಿಯಲ್ಲಿ ಮೊದಲ ಸಲ ಯಾರೋ ಕೇಳಿದರು, ಗಾಳಿ ಜಾಸ್ತಿಯಾಗುತ್ತಿದೆಯಲ್ಲವೇ ಎಂದು. ಮೇಲೆ ಹೋಗಿ ನೋಡೋಣ ಎಂದೆ. ಹಾಗೆ ಹೇಳಿಸಿದ್ದರಲ್ಲಿ ಎರಡು ಒತ್ತಡಗಳಿದ್ದವು. ಮರುದಿನ ಮುಂಜಾನೆಯ ಫೆರ್ರಿಗೆ ನಮ್ಮ ಟಿಕೆಟ್ ಆಗಿತ್ತು, ಕಾರ್ಯಕ್ರಮಪಟ್ಟಿಯಲ್ಲಿ ಬೆಟ್ಟಕ್ಕೆಂದು ಇದ್ದದ್ದು ಅದೊಂದೇ ದಿನ. ಇನ್ನೊಂದು ಒತ್ತಡ ವಿಚಿತ್ರವಾದದ್ದು: ಆ ಕಾಲದಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಘಟ್ಟಗಳಲ್ಲಿ ಎಂತಹ ಹಟಮಾರಿ ಗುಂಪನ್ನೂ ‘ಕತ್ತಲಾಗುತ್ತದೆ, ಇಳಿಯಿರಿ’ ಎಂಬ ಒಂದೇ ಮಾತು ಹಿಂದಿರುಗಿಸುತ್ತದೆ. ಸೂರ್ಯನೇ ನನ್ನ ಪರವಾಗಿ ತೀರ್ಮಾನ ಮಾಡಿಕೊಡುತ್ತಿದ್ದ ಎಂಬುದು ನನಗೆ ತಿಳಿದದ್ದು ಅವನು ಆ ಕೆಲಸ ಬಿಟ್ಟ ಊರಿನಲ್ಲಿ.

ರಿಡ್ಜ್ ಸಮೀಪಿಸಿದಾಗ ತುಂತುರು ಶುರುವಾಯಿತು. ನಾನು ಎಲ್ಲರಿಗೂ ಪಾಂಚೋ ಹಾಕಿಕೊಳ್ಳಲು ಹೇಳಿದೆ. ಘಟ್ಟದ ಮಳೆಗೆ ಚೀಲವನ್ನೂ ಸೇರಿಸಿ ಮುಚ್ಚುವ ಆ ದೊಗಲೆ ಪ್ಲಾಸ್ಟಿಕ್ ಹೊದಿಕೆ ನನ್ನ ಸಾಮಾನುಪಟ್ಟಿಯಲ್ಲಿ ಹತ್ತು ವರ್ಷಗಳಿಂದಲೂ ಇತ್ತು. ಗಾಳಿಗೆ ಅದು ದೋಣಿಯ ಹಾಯಿಯಂತೆ ತುಂಬಿಕೊಂಡಿತು. ಮುಂದಿದ್ದ ತೆಳ್ಳಗಿನ ಯುವಕನೊಬ್ಬನನ್ನು ಒಂದೇ ಬೀಸಿಗೆ ಎರಡು ಹೆಜ್ಜೆ ಪಕ್ಕಕ್ಕೆ ಎತ್ತಿ ಹಾಕಿತು. ಅವನು ಮಂಡಿಯೂರಿ ಹುಲ್ಲನ್ನು ಹಿಡಿದುಕೊಂಡ. ಅವನು ಬಿದ್ದದ್ದು ಪ್ರಪಾತದ ಕಡೆಗಲ್ಲ, ಆದರೆ ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ, ಗಾಳಿ ಆಚೆಯಿಂದ ಬೀಸುತ್ತಿತ್ತು ಅಷ್ಟೆ.

ಪಾಂಚೋಗಳನ್ನು ಬಿಚ್ಚಿಸಿ ಚೀಲದೊಳಗೆ ತುಂಬಿಸುವಾಗಲೂ ನನ್ನ ಬಾಯಲ್ಲಿ ಬಂದದ್ದು ಅದೇ ಮಾತು: ಐದು ನಿಮಿಷ ನಿಂತು ನೋಡೋಣ. ಆಗ ಹಾಸನದ ನಿವೃತ್ತ ಶಿಕ್ಷಕಿಯೊಬ್ಬರು, ನಾವೆಲ್ಲ ಟೀಚರಮ್ಮ ಎಂದು ಕರೆಯುತ್ತಿದ್ದವರು, ದಾರಿಯ ಪಕ್ಕದ ಸಣ್ಣ ತಗ್ಗಿನಲ್ಲಿ ಹುಲ್ಲಿನ ಮೇಲೆ ಕುಳಿತುಬಿಟ್ಟರು. “ಏನು ನೋಡುವುದಪ್ಪಾ? ನೋಡಿದ್ದಾಯಿತಲ್ಲ. ನಾನು ಮುಂದೆ ಬರುವುದಿಲ್ಲ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಹಾಜರಿ ಕೂಗುವಷ್ಟು ಸಹಜವಾಗಿತ್ತು. ಅವರು ಕುಳಿತದ್ದನ್ನು ಕಂಡು ಇನ್ನೂ ನಾಲ್ವರು ಕುಳಿತರು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಆ ನಾಲ್ವರೂ ಕೆಳಗಿನಿಂದಲೇ ಹೆದರಿದ್ದರೆಂಬುದು ಇಳಿಯುವಾಗ ಗೊತ್ತಾಯಿತು. ಲೀಡರ್ ‘ನೋಡೋಣ’ ಎನ್ನುತ್ತಿರುವಾಗ ಬೇಡ ಎನ್ನುವುದು ಅವನಿಗೆ ಎದುರಾಡಿದಂತೆ ಎಂದು ಅವರು ಭಾವಿಸಿದ್ದರು. ಮುಕ್ತ ಪದವೆಂದು ನಾನು ತಿಳಿದಿದ್ದದ್ದು ಅವರ ಬಾಯಿಗೆ ಬೀಗ ಹಾಕಿತ್ತು.

ನಾವು ತಿರುಗಿದೆವು. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಹಲವರು ಕುಳಿತೇ ಜಾರಿಕೊಂಡು ಇಳಿದರು. ಯಾರೂ ಹಿಂದುಳಿಯದಂತೆ ನೋಡಿಕೊಂಡು ಕೊನೆಯಲ್ಲಿ ಬರುತ್ತಿದ್ದ ನನ್ನ ಸಹಾಯಕ ಹುಡುಗನ ಮಣಿಕಟ್ಟು ಉಳುಕಿತು. ಅದಕ್ಕಿಂತ ಹೆಚ್ಚಿನದು ಏನೂ ಆಗಲಿಲ್ಲ. ಆದರೆ ಆ ರಿಡ್ಜ್ ಮೇಲೆ ಒಬ್ಬರ ಕಾಲು ಮುರಿದಿದ್ದರೆ, ಹನ್ನೆರಡು ಜನ ಮರೆಯಿಲ್ಲದ ಜಾಗದಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತಿತ್ತು, ಅಂಥ ಗಾಳಿಯಲ್ಲಿ ಹೆಲಿಕಾಪ್ಟರ್ ಹತ್ತಿರ ಬರಲು ಆಗುತ್ತಿತ್ತೇ ಎಂಬ ಲೆಕ್ಕವನ್ನು ನಾನು ಆ ರಾತ್ರಿ, ರಾತ್ರಿಯೆನಿಸದ ಆ ರಾತ್ರಿ, ಮಲಗಿಕೊಂಡು ಹಾಕಿದೆ.

ನಾರ್ವೆಯವರಿಗೆ ಬೆಟ್ಟದ ವಿವೇಕವೆಂದು ಒಂಬತ್ತು ನಿಯಮಗಳಿವೆ. 1950ರ ದಶಕದಲ್ಲಿ ಮೊಳೆತು, 1967ರ ಈಸ್ಟರ್ ರಜೆಯಲ್ಲಿ 18 ಜನ ಸತ್ತ ಮೇಲೆ ಮನೆಮಾತಾಗಿ, 2016ರಲ್ಲಿ ಪರಿಷ್ಕೃತವಾದ ಈ ನಿಯಮಗಳನ್ನು ಅಲ್ಲಿನ ಮಕ್ಕಳೂ ಬಲ್ಲರು. ಎಂಟನೆಯದು, ಸಮಯಕ್ಕೆ ಸರಿಯಾಗಿ ಹಿಂದಿರುಗಿ, ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲ ಎನ್ನುತ್ತದೆ. ಇದನ್ನು ನಾನು ಪ್ರತಿ ಗುಂಪಿಗೂ ಓದಿ ಹೇಳುತ್ತಿದ್ದೆ. ಆದರೆ ನಾಚಿಕೆಯ ಪ್ರಶ್ನೆ ಹತ್ತುವವರದ್ದಷ್ಟೇ ಅಲ್ಲ. ಹಣ ಪಡೆದು ಹತ್ತಿಸುವವನದ್ದು ಅದಕ್ಕಿಂತ ದೊಡ್ಡದು. ಪ್ರವಾಸ ಮುಗಿದ ಮೇಲೆ ಒಬ್ಬರು ‘ಮುಖ್ಯ ಶಿಖರವನ್ನು ತೋರಿಸಲಿಲ್ಲ’ ಎಂದು ಲಿಖಿತವಾಗಿ ದೂರಿದರು, ಕಚೇರಿಯಲ್ಲಿ ನನ್ನನ್ನು ಕರೆದು ವಿವರಣೆ ಕೇಳಿದರು. ವಿವರಣೆ ಕೊಟ್ಟೆ, ಆದರೆ ತಿರುಗುವ ತೀರ್ಮಾನ ಮಾಡಿದವನು ನಾನಲ್ಲ ಎಂಬ ಭಾಗವನ್ನು ಅಂದು ಹೇಳಲಿಲ್ಲ. ಇಲ್ಲಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಅಂದಿನಿಂದ ನನ್ನ ಕಾಗದಪತ್ರಗಳು ಬದಲಾಗಿವೆ. ಕಾರ್ಯಕ್ರಮಪಟ್ಟಿಯಲ್ಲಿ ಶಿಖರದ ಹೆಸರಿನ ಕೆಳಗೆ ಇನ್ನೊಂದು ಸಾಲು ಇರುತ್ತದೆ: ತೀರ್ಮಾನದ ಜಾಗ ಯಾವುದು, ಅಲ್ಲಿ ಯಾವ ಅಂಕಿಯಿದ್ದರೆ ತಿರುಗುತ್ತೇವೆ ಎಂಬುದು. ಆ ಜಾಗ ಯಾವಾಗಲೂ ಮರೆ ಇರುವಲ್ಲಿ, ರಿಡ್ಜ್‌ಗಿಂತ ಸಾಕಷ್ಟು ಕೆಳಗೆ ಇರಬೇಕು. ಕಷ್ಟದ ಜಾಗಕ್ಕೆ ಹೋಗಿ ತೀರ್ಮಾನ ಮಾಡುವುದೆಂದರೆ ತೀರ್ಮಾನವನ್ನು ಕಷ್ಟದ ಕೈಗೆ ಕೊಟ್ಟಂತೆ. ಗಾಳಿಯ ಅಂಕಿಯನ್ನು ಕಿಲೋಮೀಟರಿಗೆ ಪರಿವರ್ತಿಸಿ, ಆವರಣದೊಳಗಿನ ಅಂಕಿಯನ್ನೇ ಮೊದಲು ಬರೆಯುತ್ತೇನೆ. ಕಡಲತಡಿಯ ಬೆಟ್ಟಗಳ ಸಾಮಾನುಪಟ್ಟಿಯಿಂದ ಪಾಂಚೋ ಹೋಗಿದೆ, ಮೈಗೆ ಅಂಟುವ ಜಾಕೆಟ್ ಮತ್ತು ಪ್ಯಾಂಟ್ ಬಂದಿವೆ. ದ್ವೀಪಗಳಲ್ಲಿ ಒಂದು ದಿನವನ್ನು ಖಾಲಿ ಬಿಡುತ್ತೇನೆ. ಇದರಿಂದ ಪ್ರವಾಸದ ಬೆಲೆ ಏರುತ್ತದೆ, ಕೆಲವರು ಬೇರೆ ಸಂಸ್ಥೆಗೆ ಹೋಗುತ್ತಾರೆ, ಮಾಲೀಕರಿಗೂ ನನಗೂ ಪ್ರತಿ ಹಂಗಾಮಿನಲ್ಲಿ ಈ ಬಗ್ಗೆ ಚರ್ಚೆ ನಡೆಯುತ್ತದೆ. ಮತ್ತು ತೀರ್ಮಾನದ ಜಾಗದಲ್ಲಿ ನಾನು ಮಾತಾಡುವುದು ಕೊನೆಗೆ. ಮೊದಲು ಗುಂಪಿನಲ್ಲಿ ಅತಿ ಕಡಿಮೆ ಮಾತಾಡಿದವರಿಂದ ಶುರುಮಾಡಿ ಒಬ್ಬೊಬ್ಬರಾಗಿ ‘ಹೌದು’ ಅಥವಾ ‘ಬೇಡ’ ಎನ್ನಬೇಕು. ಮೂರನೆಯ ಉತ್ತರವಿಲ್ಲ.

2023ರ ಜೂನ್ ಕೊನೆಯಲ್ಲಿ ಇನ್ನೊಂದು ಗುಂಪಿನೊಡನೆ ಅದೇ ದ್ವೀಪಕ್ಕೆ ಹೋದೆ. ಮೊದಲ ದಿನ ಗಾಳಿಯಿತ್ತು. ಬೆಟ್ಟ ಬಿಟ್ಟು ಹಳೆಯ ಓಡುದಾರಿಯ ಕಡೆ ನಡೆದು ಬಂದೆವು. ಎರಡನೆಯ ದಿನ ಕಡಲು ಎಣ್ಣೆ ಸುರಿದಂತಿತ್ತು, ಹತ್ತಿದೆವು. ನೆತ್ತಿಯಿಂದ ಕೆಳಗೆ ಬಿಳಿ ಮರಳಿನ ದಂಡೆ, ಅದರಾಚೆ ಕಡಲಿನೊಳಕ್ಕೆ ಚಾಚಿದ ಹಸಿರು ಬೆಟ್ಟದ ಬಾಲ, ಆ ಕಡೆಯಲ್ಲೇ ಮೋಸ್ತಾದ್ ಎಂಬ ಜನ ಬಿಟ್ಟುಹೋದ ಹಳ್ಳಿ. ಕಾಲಿಗೆ ಆರು ಬೆರಳುಗಳಿರುವ ಲುಂಡೆಹುಂಡ್ ಎಂಬ ನಾಯಿಗಳನ್ನು ಬಿಲಗಳಿಗೆ ನುಗ್ಗಿಸಿ ಪಫಿನ್ ಹಕ್ಕಿಗಳನ್ನು ಹಿಡಿಯುತ್ತಿದ್ದವರ ಊರದು. ಚಿತ್ರವನ್ನು ಟೀಚರಮ್ಮನವರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದೆ. “ಚೆನ್ನಾಗಿದೆಯಪ್ಪಾ, ಇದರಲ್ಲಿ ನಾನು ಕೂತಿದ್ದ ಜಾಗ ಎಲ್ಲಿದೆ?” ಎಂದು ಬರೆದರು. ಅದು ಬೆನ್ನಿನ ಆಚೆಗಿದ್ದದ್ದರಿಂದ ಚಿತ್ರದಲ್ಲಿ ಬಂದಿರಲಿಲ್ಲ. ಇಳಿಯುವಾಗ ನಿಂತು, ಆ ತಗ್ಗನ್ನೂ ಅದರ ಹುಲ್ಲನ್ನೂ ಬೇರೆಯಾಗಿ ತೆಗೆದು ಕಳುಹಿಸಿದೆ.