ಬಸ್ ನಿಲ್ದಾಣದ ಐದನೇ ಮಹಡಿಯಲ್ಲಿ ಯಿಡ್ಡಿಷ್

ಟೆಲ್ ಅವೀವ್‌ನ ಸಮುದ್ರ, ಬಿಳಿ ಕಟ್ಟಡಗಳು ಎಲ್ಲಾ ನೋಡಿದೆ, ಚೆನ್ನಾಗಿವೆ. ಮನಸ್ಸು ಸಿಕ್ಕಿಕೊಂಡಿದ್ದು ಮಾತ್ರ ಸೆಂಟ್ರಲ್ ಬಸ್ ನಿಲ್ದಾಣದ ಐದನೇ ಮಹಡಿಯಲ್ಲಿ, 'ಯುಂಗ್ ಯಿಡಿಶ್' ಅನ್ನುವ ಪುಸ್ತಕ ಸಂಗ್ರಹದಲ್ಲಿ. ಯಿಡ್ಡಿಷ್ ಅಂದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು.

ಆ ನಿಲ್ದಾಣ ಅಂದರೆ ಚಕ್ರವ್ಯೂಹ. ಟ್ಯಾಕ್ಸಿಯವನು ಯಾವುದೋ ಗೇಟಿನಲ್ಲಿ ಇಳಿಸಿ ಹೊರಟೇಬಿಟ್ಟ. ಬ್ಯಾಗ್ ತಪಾಸಣೆ ಮುಗಿಸಿ ಒಳಗೆ ಹೋದರೆ ಯಾವ ಮಹಡಿಯಲ್ಲಿದ್ದೇನೆ ಅಂತಲೇ ತಿಳಿಯದು. 'ಯುಂಗ್ ಯಿಡಿಶ್' ಎಲ್ಲಿ ಅಂದರೆ ಅಲ್ಲಿನ ಅಂಗಡಿಯವರಿಗೂ ಗೊತ್ತಿಲ್ಲ. ಹೋಗುವವರು ಮೊದಲೇ ಫೋನ್ ಮಾಡಿ ದಾರಿ, ಸಮಯ ಕೇಳಿಕೊಳ್ಳಿ. ಶುಕ್ರವಾರ ಮಧ್ಯಾಹ್ನ ಅಂತೂ ಬೇಡ, ಅಂದು ಸಂಜೆ ಶುರುವಾಗುವ ಯಹೂದಿಗಳ ವಿಶ್ರಾಂತಿ ದಿನ ಸಬ್ಬತ್‌ಗೆ ಬಸ್ಸುಗಳೇ ನಿಂತುಹೋಗುತ್ತವೆ.

ಒಳಗೆ ಹೋದರೆ ನೆಲದಿಂದ ಸೂರಿನವರೆಗೂ ಯಿಡ್ಡಿಷ್ ಪುಸ್ತಕ, ಹತ್ತಾರು ಸಾವಿರ. ನಟ ಮೆಂಡಿ ಕಹಾನ್ ಕೂಡಿಸಿದ್ದು. ಹಿರಿಯರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಬೀದಿಗೆ ಬೀಳಬೇಕಿದ್ದ ಪುಸ್ತಕಗಳೂ ಇದರಲ್ಲಿವೆ. ಒಂದು ಕಪಾಟಿನಲ್ಲಿ 'ದಿ ಗೋಲ್ಡನೆ ಕೇಟ್' ಅನ್ನುವ ಯಿಡ್ಡಿಷ್ ಸಾಹಿತ್ಯ ಪತ್ರಿಕೆಯ ಹಳೆಯ ಸಂಚಿಕೆಗಳು. ನಾಜಿಗಳ ಕಣ್ಣು ತಪ್ಪಿಸಿ ವಿಲ್ನಾ ಗೆಟ್ಟೋದಲ್ಲಿ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಪುಸ್ತಕ, ಹಸ್ತಪ್ರತಿ ಬಚ್ಚಿಟ್ಟ ಕವಿ ಅವ್ರಹಾಮ್ ಸುಟ್ಸ್‌ಕೆವರ್ 1949ರಲ್ಲಿ ಇದೇ ಊರಲ್ಲಿ ಶುರು ಮಾಡಿದ ಪತ್ರಿಕೆ, 1995ರವರೆಗೂ ನಡೆಯಿತು. ಆಗಷ್ಟೇ ಹುಟ್ಟಿದ್ದ ಇಸ್ರೇಲಿನಲ್ಲಿ ಎಲ್ಲರೂ ಹೀಬ್ರೂ ಮಾತಾಡಿ ಅಂತ ಒತ್ತಾಯ ಇದ್ದ ಕಾಲ, ಯಿಡ್ಡಿಷ್ ನಾಟಕ ಆಡಲೂ ಅಡ್ಡಿ ಇತ್ತು. ಆದರೂ ಈ ಪತ್ರಿಕೆಗೆ ಹಣ ಕೊಟ್ಟಿದ್ದು ಹೀಬ್ರೂವಿನ ಪರವಾಗಿದ್ದ ಹಿಸ್ತದ್ರುತ್ ಕಾರ್ಮಿಕ ಒಕ್ಕೂಟವೇ! ನನಗೆ ಇದು ತುಂಬಾ ದೊಡ್ಡ ವಿಷಯ ಅನ್ನಿಸಿತು.

ಅಲ್ಲಿ ಪುಸ್ತಕ ನೋಡುತ್ತಿದ್ದ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು.

"ಚಿಕ್ಕವಳಿದ್ದಾಗ ಅಮ್ಮ ಬಸ್ಸಿನಲ್ಲಿ ಯಿಡ್ಡಿಷ್ ಮಾತಾಡಿದರೆ ನನಗೆ ನಾಚಿಕೆ, ಸುಮ್ನಿರು ಅನ್ನುತ್ತಿದ್ದೆ" ಅಂದರು.

"ಈಗ ಮೊಮ್ಮಕ್ಕಳು ಓದುತ್ತಾರಾ?"

"ಲಿಪಿ ಹೀಬ್ರೂದೇ ಅಲ್ವಾ, ಅಕ್ಷರ ಗುರುತಿಸುತ್ತಾರೆ. ಅರ್ಥ ಆಗುವುದಿಲ್ಲ."

ಜೆರುಸಲೇಮಿನಲ್ಲಿ ಕಟ್ಟಾ ಧಾರ್ಮಿಕ ಯಹೂದಿಗಳು ಇರುವ ಮೇಆ ಶೆಆರಿಮ್‌ನಲ್ಲಿ ಮಕ್ಕಳು ಬೀದಿಯಲ್ಲೇ ಯಿಡ್ಡಿಷ್ ಮಾತಾಡುವುದನ್ನು ನಾನೇ ಕೇಳಿದ್ದೆನಲ್ಲ ಅಂದೆ.

"ಅವರು ಮಾತಾಡುತ್ತಾರಪ್ಪ. ಆದರೆ ಈ ಕಥೆ, ಕಾದಂಬರಿ, ದೇವರನ್ನೇ ಪ್ರಶ್ನಿಸುವ ಕವಿತೆ ಅವರ ಮನೆಯೊಳಗೆ ಹೋಗುವುದಿಲ್ಲ. ಇವನ್ನು ಓದಬೇಕು ಅಂತ ಬರುವವರು ಕಾಲೇಜಿನ ಹುಡುಗರು, ಅವರು ಮೊದಲಿಂದ ಭಾಷೆ ಕಲಿಯಬೇಕು."

ಯಿಡ್ಡಿಷ್ ಅಂದರೆ ಬರೀ ಜೋಕು, ಮದುವೆ ಹಾಡು ಅನ್ನುವ ಪ್ರವಾಸಿ ಅಂಗಡಿಗಳ ಮೇಲೆ ಆಮೇಲೆ ನನಗೆ ಸಿಟ್ಟೇ ಬಂತು. ಇಷ್ಟು ಸಾಹಿತ್ಯ ಇಲ್ಲಿದೆ, ನೋಡಲು ಬನ್ನಿ ಅನ್ನುವ ಒಂದು ಬೋರ್ಡ್ ಕೂಡ ಊರಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಆ ನಿಲ್ದಾಣವನ್ನೇ ಮುಚ್ಚುವ ಮಾತು ಬಹಳ ವರ್ಷದಿಂದ ಇದೆ. ಟೆಲ್ ಅವೀವ್‌ಗೆ ಹೋಗುವವರು ಸಮುದ್ರಕ್ಕೆ ಒಂದು ಸಂಜೆ ಕಡಿಮೆ ಕೊಟ್ಟರೂ ಪರವಾಗಿಲ್ಲ, ಮೊದಲು ಇಲ್ಲಿಗೆ ಹೋಗಿ.